ಹಳದಿ ಜ್ವರದ ಸೂಜಿ ಮತ್ತು ಮಗಳ ಬಾಣಂತನ

ಮಗಳು ಬಸುರಾಗಿ ಆರು ತಿಂಗಳು ತುಂಬುವ ಹೊತ್ತಿಗೆ ಕುಷಾಯಿಗೂಡದ ನಮ್ಮ ಮನೆಯ ಹಿಂದಿನ ಕೋಣೆಯನ್ನು ಖಾಲಿ ಮಾಡಿ ಬಣ್ಣ ಹೊಡೆಸಿದ್ದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮ ಗದಗಿನ ಕಡೆಯ ರೂಢಿ. ನಮ್ಮವರಿಗೆ ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದು ಮೂವತ್ತು ವರ್ಷವಾದರೂ ನಾವು ಅದನ್ನು ಬಿಟ್ಟಿರಲಿಲ್ಲ. ಮಗಳು ಗಂಡನ ಜೊತೆ ಆಫ್ರಿಕಾದ ಘಾನಾದಲ್ಲಿದ್ದಳು. ಅಳಿಯ ಬೋರ್‌ವೆಲ್ ಕೊರೆಯುವ ಕಂಪನಿಯಲ್ಲಿ ಎಂಜಿನಿಯರ್. ತಿಂಗಳಲ್ಲಿ ಹೆಚ್ಚು ದಿನ ಮನೆಯಿಂದ ದೂರ, ಉತ್ತರದ ಹಳ್ಳಿಗಳಲ್ಲೇ ಇರುತ್ತಿದ್ದ. ಅವಳು ಬರುವ ಟಿಕೆಟ್ಟೂ ಆಗಿತ್ತು.

ಹೊರಡಲು ಹನ್ನೆರಡು ದಿನ ಇದ್ದಾಗ ಅವಳಿಗೆ ರಕ್ತ ಕಾಣಿಸಿಕೊಂಡಿತು. ಅಲ್ಲಿನ ಡಾಕ್ಟರು ಸ್ಕ್ಯಾನ್ ಮಾಡಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆ, ವಿಮಾನ ಹತ್ತುವ ಮಾತೇ ಬೇಡ, ಹೆರಿಗೆಯವರೆಗೂ ಮಲಗಿರಬೇಕು ಎಂದುಬಿಟ್ಟರು. ಅತ್ತೆಯಿಲ್ಲದ ಮನೆ ಅವಳದು. ಫೋನಿನಲ್ಲಿ ಅಳುತ್ತಿದ್ದ ಮಗಳಿಗೆ ನಾನು ಒಂದೇ ಮಾತು ಹೇಳಿದೆ.

"ಅಳಬ್ಯಾಡ. ನೀ ಬರಾಕ ಆಗಲಿಲ್ಲಂದ್ರ ಏನಾತು, ನಾನ ಬರ್ತೀನಿ."

ಹೇಳುವಾಗ ಅದು ಎಷ್ಟು ಸುಲಭವಾಗಿತ್ತು!

ಅಳಿಯ ಬೇಕಾದ ಕಾಗದಪತ್ರಗಳ ಪಟ್ಟಿ ಕಳಿಸಿದ. ಪಾಸ್‌ಪೋರ್ಟ್ ಇತ್ತು. ವೀಸಾಕ್ಕೆ ಓಡಾಡಬೇಕಿತ್ತು. ಕೊನೆಗೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪುಸ್ತಕ. ಅದಿಲ್ಲದೆ ಆ ದೇಶದೊಳಗೆ ಬಿಡುವುದಿಲ್ಲ, ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೇ ಆ ಪುಸ್ತಕಕ್ಕೆ ಬೆಲೆ.

"ಹಳದಿ ಜ್ವರ ಅಂದ್ರ ಕಾಮಣಿ ಏನು?" ನಮ್ಮವರು ಕೇಳಿದರು.

"ಕಾಮಣಿಗೆ ಯಾರ್ ಸೂಜಿ ಹಾಕ್ತಾರ್ರಿ? ಇದು ಸೊಳ್ಳಿಯಿಂದ ಬರೋದಂತ," ಎಂದೆ. ನನಗೂ ಅಷ್ಟೇ ಗೊತ್ತಿತ್ತು.

ಲಸಿಕೆ ಕೊಡುವ ಸರ್ಕಾರಿ ಕೇಂದ್ರದ ಸೂಚನೆಗಳನ್ನು ಮಗಳು ಪೂರ್ತಿ ಓದದೆಯೇ ನನ್ನ ಫೋನಿಗೆ ಕಳಿಸಿದ್ದಳು. ಯಾರು ಹಾಕಿಸಿಕೊಳ್ಳಬಾರದು ಎಂಬಲ್ಲಿ ಮೊದಲು ಮೊಟ್ಟೆ ತಿಂದರೆ ಮೈ ದದ್ದು ಏಳುವವರ ಮಾತಿತ್ತು. ಆಮೇಲೆ ಇನ್ನೊಂದೆರಡು. ಅದರ ಕೆಳಗೆ, ಥೈಮಸ್ ಗ್ರಂಥಿಯ ಕಾಯಿಲೆ ಇರುವವರು, ಆ ಗ್ರಂಥಿ ತೆಗೆಸಿಕೊಂಡವರು.

ನಾನು ಫೋನನ್ನು ಬೋರಲು ಹಾಕಿ ಅಡುಗೆಮನೆಗೆ ಹೋದೆ.

ಎಂಟು ವರ್ಷದ ಹಿಂದೆ ನಾನು ಪ್ರಾಥಮಿಕ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದೆ. ಬೆಳಗಿನ ಪಾಠಗಳು ಚೆನ್ನಾಗಿಯೇ ಆಗುತ್ತಿದ್ದವು. ಊಟದ ಬಿಡುವಿನ ಹೊತ್ತಿಗೆ ನನ್ನ ದನಿ ಮೂಗಿನಿಂದ ಬರತೊಡಗುತ್ತಿತ್ತು, ಸಂಜೆಗೆ ರೆಪ್ಪೆಗಳು ಜೋತುಬೀಳುತ್ತಿದ್ದವು. ಮಕ್ಕಳು ನಗುತ್ತಿದ್ದರು. ಕಣ್ಣಿನ ಡಾಕ್ಟರು, ಗಂಟಲಿನ ಡಾಕ್ಟರು ಎಂದು ತಿರುಗಿದ ಮೇಲೆ ನರರೋಗದ ಡಾಕ್ಟರೊಬ್ಬರು ಹೇಳಿದರು: ಇದು ಸ್ನಾಯುಗಳು ಬೇಗ ದಣಿಯುವ ಕಾಯಿಲೆ, ಎದೆಯೊಳಗಿನ ಥೈಮಸ್ ಎಂಬ ಗ್ರಂಥಿ ತೆಗೆದರೆ ಹತೋಟಿಗೆ ಬರುತ್ತದೆ. ಎದೆಮೂಳೆ ಸೀಳಿ ತೆಗೆದರು. ಕತ್ತಿನ ಕೆಳಗಿನಿಂದ ಒಂದು ಗೇಣುದ್ದದ ಗಾಯದ ಗುರುತು ಉಳಿಯಿತು. ಶಾಲೆ ಬಿಟ್ಟೆ. ದಿನಕ್ಕೆ ನಾಲ್ಕು ಸಲ ಗುಳಿಗೆ ನುಂಗಿದರೆ ನಾನು ಎಲ್ಲರಂತೆಯೇ ಇರುತ್ತೇನೆ. ಗುಳಿಗೆಯ ಬಲ ಇಳಿಯುವ ಹೊತ್ತಿನಲ್ಲಿ ಮಾತ್ರ ಇಲ್ಲ; ಮಧ್ಯಾಹ್ನದ ಮೇಲೆ ಆ ಬಲ ಬೇಗ ಇಳಿಯುತ್ತದೆ.

ಆ ಸಾಲನ್ನು ನಮ್ಮವರಿಗೆ ತೋರಿಸಲಿಲ್ಲ. ಒಂದು ಸಣ್ಣ ಸೂಜಿ, ಏನು ಮಹಾ ಆಗುತ್ತದೆ ಎಂದುಕೊಂಡೆ. ಮಗಳು ನೋವು ತಿನ್ನುವಾಗ ನಾನು ಹತ್ತಿರ ಇರಬೇಕು, ಉಳಿದದ್ದೆಲ್ಲ ಆಮೇಲೆ. ಬೀರುವಿನಿಂದ ಕುತ್ತಿಗೆ ಮುಚ್ಚುವ ಹಳೆಯ ರವಿಕೆ ಹುಡುಕಿ ತೆಗೆದು ಇಸ್ತ್ರಿ ಮಾಡಿಟ್ಟೆ.

ಲಸಿಕೆಯ ಕೇಂದ್ರ ಊರಿನ ಆ ಕೊನೆಗಿತ್ತು. ಬೆಳಿಗ್ಗೆ ಎಂಟಕ್ಕೆಲ್ಲ ಹೋಗಿ ಕೂತೆವು. ಫಾರಮ್ಮಿನಲ್ಲಿ "ಈ ಮೊದಲು ಶಸ್ತ್ರಚಿಕಿತ್ಸೆ ಆಗಿದೆಯೇ" ಎಂಬಲ್ಲಿ "ಇಲ್ಲ" ಎಂದು ಬರೆದೆ. ನಮ್ಮವರು ಪಕ್ಕದಲ್ಲಿ ಪೇಪರ್ ಓದುತ್ತಿದ್ದರು. ಬಂದವರಲ್ಲಿ ಹಡಗಿಗೆ ಹೊರಟ ತರುಣರಿದ್ದರು, ಸನತ್‌ನಗರದ ಕಾರ್ಖಾನೆಯೊಂದರಿಂದ ಪಂಪು ಜೋಡಿಸಲು ಹೊರಟ ಇಬ್ಬರು ಫಿಟ್ಟರುಗಳಿದ್ದರು. ಲಸಿಕೆಯ ಒಂದು ಸೀಸೆ ಒಡೆದರೆ ಹಲವರಿಗಾಗುತ್ತದೆ, ಒಡೆದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ. ಆದ್ದರಿಂದ ಸಾಕಷ್ಟು ಜನ ಸೇರುವವರೆಗೆ ಕಾಯಬೇಕು ಎಂದರು. ಇದನ್ನು ನಾನು ಎಣಿಸಿರಲಿಲ್ಲ. ಮನೆಯಲ್ಲಿ ಆರು ಗಂಟೆಗೆ ನುಂಗಿದ ಗುಳಿಗೆಯ ಲೆಕ್ಕದಲ್ಲಿ ಹತ್ತರೊಳಗೆ ಎಲ್ಲ ಮುಗಿಯಬೇಕಿತ್ತು. ಮುಂದಿನ ಗುಳಿಗೆ ಚೀಲದಲ್ಲಿತ್ತು; ಎಲ್ಲರೆದುರು ತೆಗೆದು ನುಂಗಿದರೆ ಯಾರಾದರೂ ಕೇಳಿಯಾರು ಎಂದು ಸುಮ್ಮನೆ ಕೂತೆ.

ಹನ್ನೊಂದೂವರೆಗೆ ನರ್ಸ್ ಹೆಸರು ಕೂಗುತ್ತ ಬಂದಳು. ನಾನು ನಮ್ಮವರಿಗೆ ಏನೋ ಹೇಳಿದ್ದು ಅವಳ ಕಿವಿಗೆ ಬಿದ್ದು ಮುಖ ಅರಳಿತು.

"ಕನ್ನಡದವ್ರೇನ್ರಿ? ನಮ್ದು ಯಾದಗಿರಿ ಬಾಜೂಕ್ರಿ. ಯಾಕ್ರೀ ಅಮ್ಮಾರೆ, ಭಾಳ ಸುಸ್ತಾದಂಗ ಕಾಣಾಕತ್ತೀರಿ? ನೀರು ಕುಡೀರಿ ಸ್ವಲ್ಪ."

ಬೇಡ ಎನ್ನಬೇಕಿತ್ತು. ಅವಳ ಪ್ರೀತಿಗೆ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದೆ. ನೀರು ಗಂಟಲಿಗಿಳಿಯದೆ ಮೂಗಿನಿಂದ ಹೊರಗೆ ಬಂತು. ಸೀರೆಯೆಲ್ಲ ಒದ್ದೆಯಾಯಿತು. ನರ್ಸ್ ನನ್ನ ಮುಖವನ್ನೇ ನೋಡಿದಳು. ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿರುವುದು ನನಗೂ ತಿಳಿಯುತ್ತಿತ್ತು. ಅವಳು ನನ್ನನ್ನು ಡಾಕ್ಟರ ಕೋಣೆಗೆ ಕರೆದುಕೊಂಡು ಹೋದಳು.

ಡಾಕ್ಟರು ವಯಸ್ಸಾದವರು, ಬೆಳ್ಳನೆಯ ಕೂದಲು. ನನ್ನ ಫಾರಮ್ಮನ್ನು ಓದಿ, ಸೂರು ನೋಡುತ್ತ ಕೂತಿರಿ ಎಂದರು. ಕೂತೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಎರಡೂ ರೆಪ್ಪೆಗಳು ತಾವಾಗಿಯೇ ಇಳಿದುಬಿಟ್ಟವು.

"ಝೂಟ್ ನಕ್ಕೊ ಬೋಲೋ ಅಮ್ಮಾ," ಎಂದರು ಮೆತ್ತಗೆ. ಸುಳ್ಳು ಹೇಳಬೇಡ ಎಂದು. "ಎದೆಯ ಆಪರೇಷನ್ ಆಗಿದೆ, ಅಲ್ಲವಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ನಮ್ಮವರು, "ಆಗೇತ್ರಿ, ಎಂಟ್ ವರ್ಷ ಆತು," ಎಂದು ಕನ್ನಡದಲ್ಲೇ ಅಂದು, ಮತ್ತೆ ಹಿಂದಿಯಲ್ಲಿ ಹೇಳಿದರು. ಆಮೇಲೆ ಮೇಜಿನ ಮೇಲಿದ್ದ ಫಾರಮ್ಮನ್ನು ಕಂಡರು. ನನ್ನ ಅಕ್ಷರದಲ್ಲಿದ್ದ "ಇಲ್ಲ" ಓದಿದರು.

"ಡಾಕ್ಟರ್ ಸಾಬ್, ನನ್ನ ಮಗಳು ಅಲ್ಲಿ ಒಬ್ಬಳೇ ಮಲಗಿದ್ದಾಳೆ," ಎಂದೆ. ಮೂಗಿನಿಂದ ಬರುತ್ತಿದ್ದ ನನ್ನ ಹಿಂದಿ ಅವರಿಗೆ ಎಷ್ಟು ಅರ್ಥವಾಯಿತೋ. "ಏನಾದರೂ ಆದರೆ ನನ್ನ ಜವಾಬ್ದಾರಿ. ಬರೆದುಕೊಡುತ್ತೇನೆ. ಹಾಕಿ."

ಅವರು ನನ್ನನ್ನು ಗದರಲಿಲ್ಲ. ನರ್ಸಿಗೆ ಹೇಳಿ ನನ್ನ ಗುಳಿಗೆ ನುಂಗಿಸಿ, ರೆಪ್ಪೆ ಏಳುವವರೆಗೆ ಪಕ್ಕದಲ್ಲಿ ಕೂರಿಸಿಕೊಂಡು, ಉಳಿದವರಿಗೆಲ್ಲ ಸೂಜಿ ಹಾಕಿಸಿದರು. ಮತ್ತೆ ನನ್ನ ಕಡೆ ತಿರುಗಿ, ನಿಮ್ಮ ಮಗಳು ಯಾವ ದೇಶದಲ್ಲಿದ್ದಾಳೆ ಎಂದು ಕೇಳಿದರು. ಘಾನಾ ಎಂದೆ.

"ಈ ಲಸಿಕೆ ಅಲ್ಲಿಂದಲೇ ಬಂದದ್ದು," ಎಂದರು.

ಸುಮಾರು ನೂರು ವರ್ಷದ ಹಿಂದೆ ಅಲ್ಲಿಯ ಒಂದು ಹಳ್ಳಿಯ ತರುಣನಿಗೆ ಜ್ವರ ಬಂತಂತೆ. ಹಳದಿ ಜ್ವರದ ಬೆನ್ನು ಹತ್ತಿ ಊರೂರು ಅಲೆಯುತ್ತಿದ್ದ ವೈದ್ಯರು ಅವನ ರಕ್ತ ತೆಗೆದುಕೊಂಡು ಹೋದರು. ಅದನ್ನು ಚುಚ್ಚಿದ್ದು ಭಾರತದಿಂದ ತರಿಸಿದ ಮಂಗಕ್ಕೆ. ಯಾಕೆಂದರೆ ಆಫ್ರಿಕಾದ ಮಂಗಗಳು ಈ ಜ್ವರಕ್ಕೆ ಬಗ್ಗುತ್ತಿರಲಿಲ್ಲ. ನಮ್ಮ ಮಂಗ ಕೆಲವೇ ದಿನಗಳಲ್ಲಿ ಸತ್ತಿತು. ಆ ತರುಣ ಬದುಕಿಕೊಂಡ. ಅವನ ರಕ್ತದಲ್ಲಿ ಸಿಕ್ಕ ವೈರಸ್ಸನ್ನೇ ಇಲಿ, ಕೋಳಿಗಳ ಭ್ರೂಣದ ಜೀವಕೋಶಗಳಲ್ಲಿ ನೂರಕ್ಕೂ ಹೆಚ್ಚು ಸಲ ಒಂದರಿಂದ ಒಂದಕ್ಕೆ ದಾಟಿಸುತ್ತ ಹೋದರು. ನಡುವೆ ಎಲ್ಲೋ ಅದರ ಉಗ್ರತೆ ಇಳಿದುಹೋಯಿತು. ಹೇಗೆ ಇಳಿಯಿತೆಂದು ಇಳಿಸಿದವರಿಗೂ ಆಗ ತಿಳಿಯಲಿಲ್ಲ. ಇವತ್ತಿಗೂ ಈ ಸೂಜಿ ಹಾಕಿಸಿಕೊಳ್ಳುವ ಪ್ರತಿಯೊಬ್ಬರ ಮೈಗೂ ಹೋಗುವುದು ಅದರದೇ ಸಂತತಿ.

"ಅದು ಸತ್ತದ್ದಲ್ಲ ಅಮ್ಮಾ. ಜೀವ ಇರುವಂಥದ್ದು," ಎಂದರು. "ಇವರೆಲ್ಲರ ಮೈಯಲ್ಲಿ ನಾಲ್ಕು ದಿನ ಇದ್ದು ಸೋತು ಹೋಗುತ್ತದೆ. ನಿಮ್ಮಂಥವರಲ್ಲಿ ಕೆಲವರ ಮೈಯಲ್ಲಿ ಸೋಲುವುದಿಲ್ಲ. ಆ ಜ್ವರವೇ ಬಂದ ಹಾಗೆ ಆಗುತ್ತದೆ. ಆಮೇಲೆ ನಮ್ಮ ಹತ್ತಿರ ಔಷಧವಿಲ್ಲ."

ಲಸಿಕೆ ಹಾಕುವಂತಿಲ್ಲ ಎಂಬ ಪತ್ರ ಕೊಡಬಲ್ಲೆ, ಅದನ್ನು ಒಪ್ಪಿ ಆ ದೇಶ ನಿಮ್ಮನ್ನು ಬಿಟ್ಟರೂ ಬಿಟ್ಟೀತು ಎಂದೂ ಹೇಳಿದರು. ಆದರೆ ಅಲ್ಲಿ ಸೊಳ್ಳೆ ಕಚ್ಚಿ ನಿಜವಾದ ಜ್ವರವೇ ಬಂದರೆ? "ನಾನು ನಿಮ್ಮ ಅಣ್ಣನಾಗಿದ್ದರೆ ಕಳಿಸುತ್ತಿರಲಿಲ್ಲ."

ಆಟೊದಲ್ಲಿ ವಾಪಸ್ ಹೊರಟೆವು. ತಾರ್ನಾಕ ದಾಟಿದ ಮೇಲೆ ನಮ್ಮವರು ಕೇಳಿದರು.

"ಸುಳ್ಳ ಬರದು ಸತ್ತಿದ್ರ ನಾ ಏನ್ ಮಾಡಬೇಕಿತ್ತ?"



ಮಗಳಿಗೆ ಪತ್ರದ ವಿಷಯ ಹೇಳಿದೆವು. ಅವಳು, "ಅವ್ವಾ, ನೀ ಆ ಪತ್ರ ಹಿಡ್ಕೊಂಡು ವಿಮಾನ ಹತ್ತಿದ್ರ ನಾ ನಿನ್ನ ಮಾರಿ ನೋಡಂಗಿಲ್ಲ," ಎಂದು ಫೋನ್ ಇಟ್ಟಳು. ಅಳಿಯ ಆಮೇಲೆ ಫೋನ್ ಮಾಡಿ ಅವಳು ಊಟ ಬಿಟ್ಟಿದ್ದಾಳೆ ಎಂದ. ಅಲ್ಲಿಗೆ ನನ್ನ ಪ್ರಯಾಣ ಮುಗಿಯಿತು.

ಒಂದು ವಾರದ ನಂತರ ನಮ್ಮವರು ಒಬ್ಬರೇ ಹೋಗಿ ಅದೇ ಸೂಜಿ ಹಾಕಿಸಿಕೊಂಡು ಬಂದರು. ಅವರಿಗೆ ಆಗ ಐವತ್ತೊಂಬತ್ತು. ಅರವತ್ತು ದಾಟಿದ್ದರೆ ಡಾಕ್ಟರು ಎರಡು ಸಲ ಯೋಚಿಸುತ್ತಿದ್ದರಂತೆ. ಬಂದವರೇ ಹಳದಿ ಬಣ್ಣದ ಆ ಸಣ್ಣ ಪುಸ್ತಕವನ್ನು ಟಿವಿ ಮೇಲಿಟ್ಟು, "ರಜಾ ಕೇಳೀನಿ. ಬಾಣಂತನ ಹೆಂಗ್ ಮಾಡೂದು, ಹೇಳಿಕೊಡು," ಎಂದರು.

ಒಂದು ಲೋಟ ಚಹಾ ಮಾಡಿಕೊಂಡು ಗೊತ್ತಿಲ್ಲದ ಗಂಡಸು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಖಾನೆಯ ನೋಟ್‌ಬುಕ್ಕು ತೆಗೆದು, ಬಾಣಂತಿಗೆ ಕೊಡುವ ಅಂಟಿನ ಉಂಡಿಗೆ ಉತ್ತತ್ತಿ ಎಷ್ಟು, ಕೊಬ್ಬರಿ ಎಷ್ಟು, ಅಂಟನ್ನು ತುಪ್ಪದಲ್ಲಿ ಎಷ್ಟು ಹೊತ್ತು ಹುರಿಯಬೇಕು ಎಲ್ಲವನ್ನೂ ಬರೆದುಕೊಂಡರು. "ಅರಳೂ ತನಕ" ಎಂದರೆ ಎಷ್ಟು ನಿಮಿಷ ಎಂದು ಕೇಳುತ್ತಿದ್ದರು. ಹಸುಗೂಸಿಗೆ ಎರೆಯುವುದನ್ನು ಕಲಿಸಲು ಅವರನ್ನು ನೆಲದ ಮೇಲೆ ಕಾಲು ಚಾಚಿ ಕೂರಿಸಿ, ಮೊಣಕಾಲ ಮೇಲೆ ಸುತ್ತಿದ ಟವೆಲ್ಲು ಮಲಗಿಸಿದೆ. ಟವೆಲ್ಲಿನ ಕತ್ತು ಹಿಡಿಯುವಾಗ ಅವರ ಹಣೆ ಬೆವರುತ್ತಿತ್ತು.

ಅವರು ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಮಾಡುವುದಕ್ಕೆ ಏನೂ ಇಲ್ಲದೆ ಹಳದಿ ಜ್ವರದ ಬಗ್ಗೆ ಸಿಕ್ಕಿದ್ದನ್ನೆಲ್ಲ ಫೋನಿನಲ್ಲಿ ಓದಿದೆ. ಮಧ್ಯಾಹ್ನದ ಮೇಲೆ ಒಂದು ಕೈಯಲ್ಲಿ ರೆಪ್ಪೆ ಎತ್ತಿ ಹಿಡಿದು ಓದುತ್ತಿದ್ದೆ. ಕ್ಯೂಬಾದಲ್ಲಿ ಇದು ಸೊಳ್ಳೆಯಿಂದ ಹರಡುತ್ತದೆಂದು ತೋರಿಸಲು ವೈದ್ಯರೇ ಬೇಕೆಂದು ಸೊಳ್ಳೆ ಕಚ್ಚಿಸಿಕೊಂಡದ್ದು, ಅವರ ಗುಂಪಿನ ಒಬ್ಬ ಅದರಿಂದಲೇ ಸತ್ತದ್ದು, ಆಫ್ರಿಕಾಕ್ಕೆ ಇದನ್ನು ಹುಡುಕಿಕೊಂಡು ಹೋದವರಲ್ಲಿ ಒಬ್ಬರಾದ ಮೇಲೊಬ್ಬರು ಪ್ರಯೋಗಶಾಲೆಯಲ್ಲೇ ಜ್ವರ ಹತ್ತಿಸಿಕೊಂಡು ತೀರಿಹೋದದ್ದು. ಈ ರೋಗ ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲವಂತೆ. ಹರಡುವ ಸೊಳ್ಳೆ ಮಾತ್ರ ನಮ್ಮಲ್ಲೇ ಇದೆ, ಡೆಂಗ್ಯೂ ಹಬ್ಬಿಸುವುದು ಅದೇ. ನಮ್ಮ ಬಚ್ಚಲ ಡ್ರಮ್ಮಿನಲ್ಲಿ ಅದರ ಮರಿಗಳು ಕುಣಿಯುವುದನ್ನು ಎಷ್ಟೋ ಸಲ ನೋಡಿ ನೀರು ಚೆಲ್ಲಿದ್ದೇನೆ. ಅಷ್ಟು ಜನ ಜೀವ ಕೊಟ್ಟು ಮಾಡಿದ ಔಷಧ ಊರಿಗೆಲ್ಲ ಆಗುತ್ತದೆ, ನನಗೆ ಆಗುವುದಿಲ್ಲ ಎಂದು ನನ್ನ ಮೈಯ ಮೇಲೆ ಸಿಟ್ಟು ಬರುತ್ತಿತ್ತು.

ಅವರು ಹೋಗಿ ಹದಿನೇಳನೇ ದಿನ, ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಬಂತು. ಅಲ್ಲಿ ಆಗ ಬೆಳಗಿನ ಹೊತ್ತು. ನಮ್ಮವರ ದನಿ ಗುರುತೇ ಸಿಗದ ಹಾಗಿತ್ತು.

"ರಕ್ತ ಭಾಳ ಹೋಗಾಕತ್ತೈತಿ. ಕಾರಿನ್ಯಾಗ ಕರ್ಕೊಂಡ್ ಹೊಂಟೇವಿ. ಅಳಿಯಾ ಊರಾಗ ಇಲ್ಲ. ಎದುರಿಗಿನ ಮನಿ ಅಮ್ಮ ಗಾಡಿ ಹೊಡ್ಯಾಕತ್ತಾಳ."

ಆ ಎದುರುಮನೆಯಾಕೆ ಬ್ರೆಡ್ ಮಾಡಿ ಮಾರುವವಳು, ನನ್ನ ವಾರಗೆಯ ಹೆಂಗಸು, ಅವಳ ವಿಷಯ ಮಗಳು ಮೊದಲೇ ಹೇಳಿದ್ದಳು. ಅಷ್ಟರಲ್ಲಿ ಮಗಳು ಫೋನ್ ಕಸಿದುಕೊಂಡಳು.

"ಅವ್ವಾ, ಮಾತಾಡು. ದವಾಖಾನಿ ಬರೋತನಕ ಮಾತಾಡ್ತಿರು. ಏನರ ಮಾತಾಡು. ನಂಗ ಅಂಜಿಕಿ ಆಗಾಕತ್ತೈತಿ."

ನಾನು ಮಾತಾಡಿದೆ. ಅವಳು ಹುಟ್ಟಿದ ದಿನದ ಕತೆ ಹೇಳಿದೆ, ಆ ದಿನ ಅವಳಪ್ಪ ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಹೋದದ್ದು ಹೇಳಿದೆ. ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಗುಳಿಗೆಯ ಡಬ್ಬಿ ಹುಡುಕುತ್ತಿದ್ದೆ. ನುಂಗಿದರೂ ಅದು ಹತ್ತಲು ಅರ್ಧ ಗಂಟೆ ಬೇಕು. ಐದು ನಿಮಿಷಕ್ಕೆ ನಾಲಿಗೆ ದಪ್ಪವಾಗತೊಡಗಿತು. ಹೆದರಿಕೆ ಹೆಚ್ಚಾದಷ್ಟೂ ಈ ಕಾಯಿಲೆ ಬೇಗ ಹಿಡಿಯುತ್ತದೆ. ಪದಗಳು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಬರೀ ಮೂಗಿನ ಸದ್ದು.

"ಅವ್ವಾ? ಅವ್ವಾ, ಕೇಳವಲ್ದು. ಅವ್ವಾ ಮಾತಾಡು!"

ದವಡೆಯನ್ನು ಕೈಯಿಂದ ಎತ್ತಿ ಹಿಡಿದು ಅವಳ ಹೆಸರು ಹೇಳಲು ನೋಡಿದೆ. ಹೊರಟದ್ದು ನರಳಿದಂಥ ಸದ್ದು. ಅದನ್ನು ಕೇಳಿ ಅವಳು ಇನ್ನೂ ಹೆದರಿ ಕಿರುಚಿದಳು. ಆಗ ಇನ್ನೊಂದು ದನಿ ಕೇಳಿಸಿತು, ಗಾಡಿ ಓಡಿಸುತ್ತಿದ್ದಾಕೆಯದು. ತುಂಬು ದನಿಯಲ್ಲಿ, ನನಗೆ ಗೊತ್ತಿಲ್ಲದ ಭಾಷೆಯಲ್ಲಿ, ದೇವರನ್ನು ಕರೆಯುತ್ತಿದ್ದಳೋ ಮಗಳಿಗೆ ಧೈರ್ಯ ಹೇಳುತ್ತಿದ್ದಳೋ, ನಿಲ್ಲಿಸದೆ ಮಾತಾಡುತ್ತಿದ್ದಳು. ಮಗಳ ಕಿರುಚಾಟ ನಿಧಾನಕ್ಕೆ ಬಿಕ್ಕಾಯಿತು. ಫೋನ್ ಕಡಿದುಹೋಯಿತು.

ನಾನು ನೆಲದ ಮೇಲೆ ಕೂತೆ. ನಾಲ್ಕು ಗಂಟೆ ಹೊತ್ತು ಯಾರೂ ಫೋನ್ ಎತ್ತಲಿಲ್ಲ. ನಡುವೆ ಪಕ್ಕದ ಮನೆಯ ತೆಲುಗಿನಾಕೆ ಕರಿಬೇವು ಕೇಳಲು ಬಂದು ನನ್ನನ್ನು ನೋಡಿ, "ಏಮೈಂದಿ ಅಕ್ಕಾ?" ಎಂದಳು. ಏನಾಯಿತೆಂದು ಹೇಳಲು ಆಗಲೂ ದನಿ ಇರಲಿಲ್ಲ. ಅವಳು ಸುಮ್ಮನೆ ನನ್ನ ಪಕ್ಕ ಕೂತಳು.

ಸಂಜೆ ಏಳಕ್ಕೆ ನಮ್ಮವರ ಫೋನ್. ಹೆಣ್ಣು ಮಗು, ತಿಂಗಳು ತುಂಬಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಮಗಳ ರಕ್ತ ನಿಲ್ಲದೆ ಗರ್ಭಕೋಶ ತೆಗೆಯಬೇಕಾಯಿತು. ಜೀವಕ್ಕೆ ತೊಂದರೆಯಿಲ್ಲ. ಇಷ್ಟನ್ನು ಹೇಳಿ ಅವರು ಅಳತೊಡಗಿದರು. "ನನಗ ಏನೂ ಮಾಡಾಕ ಆಗಲಿಲ್ಲ. ಬಾಗಲಾಗ ನಿಂತಿದ್ದೆ, ಅಷ್ಟ." ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ.

ಇಪ್ಪತ್ತಮೂರು ದಿನಕ್ಕೆ ಮಗುವನ್ನು ಮನೆಗೆ ಕಳಿಸಿದರು. ನಮ್ಮವರು ನೋಟ್‌ಬುಕ್ಕು ನೋಡಿಕೊಂಡು ಉಂಡಿ ಕಟ್ಟಿದರು. ಅವು ಕಲ್ಲಿನಂತಾಗಿದ್ದವೆಂದು ಮಗಳು ಹೇಳಿದಳು, ಆದರೂ ತಿಂದಳಂತೆ. ಮಗುವಿಗೆ ಎರೆಯಲು ಮಾತ್ರ ಅವರಿಗೆ ಧೈರ್ಯ ಬರಲಿಲ್ಲ. ಟವೆಲ್ಲಿಗಿಂತ ಸಣ್ಣದಿತ್ತು ಅದು. ಎದುರುಮನೆಯಾಕೆ ಬಂದು ಎರೆಯುತ್ತಿದ್ದಳು. ವೀಡಿಯೊದಲ್ಲಿ ನೋಡುತ್ತಿದ್ದೆ. ಅವಳು ಮಗುವನ್ನು ಕೂರಿಸಿ, ಬಿಸಿ ಬಟ್ಟೆಯಿಂದ ಒತ್ತಿ ಒತ್ತಿ ಮೈ ತೀಡುತ್ತಿದ್ದಳು. ನಾವು ಹಾಗೆ ಮಾಡುವುದಿಲ್ಲ. "ಕತ್ತ ಹಿಡಕೋ ಅಂತ ಹೇಳ್ರೀ," ಎಂದು ಇಲ್ಲಿಂದ ಕೂಗುತ್ತಿದ್ದೆ. ನಮ್ಮವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅವಳು ನನ್ನ ಕಡೆ ನೋಡಿ ನಕ್ಕು, ತನಗೆ ತಿಳಿದ ಹಾಗೆಯೇ ಮಾಡುತ್ತಿದ್ದಳು. ಮಗುವೂ ಅಳುತ್ತಿರಲಿಲ್ಲ.

ರಜೆ ಮುಗಿದು ನಮ್ಮವರು ವಾಪಸ್ ಬಂದರು. ಇಲ್ಲಿನ ವಿಮಾನ ನಿಲ್ದಾಣದಲ್ಲೂ ಆ ಪುಸ್ತಕ ನೋಡಿಯೇ ಹೊರಗೆ ಬಿಟ್ಟರಂತೆ. ಅದಿಲ್ಲದ ಒಬ್ಬನನ್ನು ಆರು ದಿನ ಬೇರೆ ಇಡಲು ಕರೆದುಕೊಂಡು ಹೋದರೆಂದರು. ಮನೆಗೆ ಬಂದು ಬ್ಯಾಗು ಇಳಿಸುವ ಮೊದಲೇ ನಾನು ಕೇಳಿದ್ದು, "ಕೂಸು ಯಾರಂಗೈತ್ರಿ? ಫೋನಿನ್ಯಾಗ ತಿಳಿಯಂಗಿಲ್ಲ." ಅವರು ಬ್ಯಾಗು ಕೆಳಗಿಟ್ಟು, "ಗೊತ್ತಾಗಲಿಲ್ಲ. ಎತ್ತಿಕೊಂಡ್ರ ಹಗುರ ಇರ್ತೈತಿ," ಎಂದರು.

ಮಗುವನ್ನು ಕರೆತರುವುದು ಯಾವಾಗ ಎಂದು ಅಳಿಯ ಕೆಲವು ಕಡೆ ವಿಚಾರಿಸಿದ. ಸಣ್ಣ ಕೂಸಿಗೆ ಪುಸ್ತಕ ಬೇಡ ಎಂದು ಒಬ್ಬರು ಹೇಳಿದರೆ, ಬೇಕಾಗಬಹುದು, ಇಲ್ಲದಿದ್ದರೆ ಪ್ರತ್ಯೇಕ ಇಟ್ಟರೂ ಇಟ್ಟಾರು ಎಂದು ಇನ್ನೊಬ್ಬರು ಹೇಳಿದರು. ಒಂಬತ್ತು ತಿಂಗಳು ತುಂಬುವ ಮೊದಲು ಆ ಸೂಜಿ ಹಾಕುವುದಿಲ್ಲ. ದಿನ ತುಂಬದೆ ಹುಟ್ಟಿದ ಮಗುವಿನ ವಿಷಯದಲ್ಲಿ ಮಗಳಿಗೆ ಯಾವ ಅಪಾಯವೂ ಬೇಡವಾಗಿತ್ತು. ಸೂಜಿ ಹಾಕಿಸಿ, ಹತ್ತು ದಿನ ಕಾದು ಬರುತ್ತೇವೆ ಎಂದಳು. ನಾನು ಆಗಲಿ ಎಂದೆ. ಬೇರೇನು ಹೇಳಲಿ?

ಈಗ ಮಗುವಿಗೆ ಎಂಟು ತಿಂಗಳು. ಕೂರುತ್ತದೆ, ತೆವಳುತ್ತದೆ. ಬೆಳಗಿನ ಗುಳಿಗೆ ಹತ್ತಿದ ಮೇಲೆ ನನ್ನ ದನಿ ಚೆನ್ನಾಗಿರುವ ಹೊತ್ತು ಅಲ್ಲಿ ಇನ್ನೂ ಬೆಳಗಾಗಿರುವುದಿಲ್ಲ. ಅವರು ಎದ್ದು ಫೋನ್ ಮಾಡುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ. ಹಾಗಾಗಿ ಆ ಮಗು ನನ್ನ ಸರಿಯಾದ ದನಿಯನ್ನು ಹೆಚ್ಚು ಕೇಳಿಲ್ಲ. ನಿನ್ನೆ ಮಗಳು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡು, ಅಮ್ಮಮ್ಮ, ಅಮ್ಮಮ್ಮ," ಎಂದು ನನ್ನನ್ನು ತೋರಿಸುತ್ತಿದ್ದಳು. ಅದು ಒಂದು ಗಳಿಗೆ ನನ್ನನ್ನು ನೋಡಿತು. ಬಾಗಿಲ ಕಡೆ ಆ ಬ್ರೆಡ್ಡಿನಾಕೆಯ ತುಂಬು ದನಿ ಕೇಳಿದ್ದೇ ಕೈಕಾಲು ಆಡಿಸುತ್ತ ಕೆಳಗಿಳಿದು ಅತ್ತ ತೆವಳಿಹೋಯಿತು. ಪರದೆಯ ಮೇಲೆ ಖಾಲಿ ಗೋಡೆ ಉಳಿಯಿತು. ಮಗಳು, "ಇರು ಅವ್ವಾ, ಹಿಡಕೊಂಡ್ ಬರ್ತೀನಿ," ಎಂದು ಎದ್ದು ಹೋದಳು. ನಾನು ಫೋನ್ ಹಿಡಿದು ಕಾಯುತ್ತ ಕೂತೆ.